ದೊಡ್ಡವರು ಮನೆಗೆ ಬಂದ ದಿನ

ಆ ಊರಿನಲ್ಲಿ ಕೂರುವುದಕ್ಕೆ ಓದಿರಬೇಕಿತ್ತು.

ಏನೇನೋ ಓದಿರಬೇಕು ಎಂದಲ್ಲ. ಊರಿನಲ್ಲಿ ಇದ್ದದ್ದೇ ಒಂದು ಪುಸ್ತಕ. ಅದನ್ನು ಪುಸ್ತಕ ಎಂದು ಯಾರೂ ಕರೆಯುತ್ತಿರಲಿಲ್ಲ, ದೊಡ್ಡವರು ಎನ್ನುತ್ತಿದ್ದರು. ದೊಡ್ಡವರು ಊರ ನಡುವಿನ ಕಲ್ಲುಮನೆಯಲ್ಲಿ ಒಂದು ಮಂಚದ ಮೇಲೆ ಮಲಗಿರುತ್ತಿದ್ದರು. ಬೇಸಗೆಯಲ್ಲಿ ಅವರಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಚಳಿಗಾಲದಲ್ಲಿ ಕಿಟಕಿ ಮುಚ್ಚುತ್ತಿದ್ದರು. ಆ ಮನೆಯ ಮುಂದೆ ಹೋಗುವಾಗ ಕೆಮ್ಮು ಬಂದರೆ ಜನ ಉಸಿರು ಬಿಗಿಹಿಡಿದು ಮುಂದಿನ ತಿರುವಿನವರೆಗೆ ಓಡಿ, ಅಲ್ಲಿ ಕೆಮ್ಮುತ್ತಿದ್ದರು. ಆ ತಿರುವಿಗೆ ಕೆಮ್ಮುವ ತಿರುವು ಎಂದೇ ಹೆಸರು ಬಿದ್ದಿತ್ತು.

ಯಾರಾದರೂ ಹೊಸದಾಗಿ ಸಂಸಾರ ಹೂಡಿದರೆ ದೊಡ್ಡವರು ಒಂದು ದಿನ ಅವರ ಮನೆಗೆ ಬರುತ್ತಿದ್ದರು. ನಾಲ್ವರು ಮಂಚ ಹೊರುತ್ತಿದ್ದರು, ಒಬ್ಬ ಕೊಡೆ ಹಿಡಿಯುತ್ತಿದ್ದ. ಬೆಳಿಗ್ಗೆ ದೊಡ್ಡವರು ಒಳಗೆ ಹೋಗುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು. ಒಳಗೆ ಮನೆಯ ಒಬ್ಬರು ಓದಬೇಕು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು, ಓದಿದವರು ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ಊರು ಅವರ ಮುಖ ನೋಡುತ್ತಿತ್ತು. ಮುಖ ಸರಿಯಾಗಿದ್ದರೆ ಊರಿನ ಯಜಮಾನರು "ಓದಿದ್ದಾರೆ" ಎನ್ನುತ್ತಿದ್ದರು. ಊರೆಲ್ಲ "ಅದರ ಮಾತೇ ಬೇರೆ" ಎನ್ನುತ್ತಿತ್ತು. ಓದಿದ ಮನೆಯವರು ಹೊಸ ಬಟ್ಟೆಯೊಂದನ್ನು ದೊಡ್ಡವರಿಗೆ ಹೊದಿಸಿ, ಗಂಟು ಹಾಕಿ, ಗಂಟಿನ ಮೇಲೆ ಅರಿಸಿನ ಕುಂಕುಮ ಇಡುತ್ತಿದ್ದರು. ನಾಲ್ವರು ಮಂಚ ಎತ್ತುತ್ತಿದ್ದರು. ಅಂದಿನಿಂದ ಆ ಮನೆಯವರು ಊರಿನಲ್ಲಿ ಎಲ್ಲಿ ಬೇಕಾದರೂ ಕೂರಬಹುದಿತ್ತು.

ಓದದ ಮನೆಯವರು ನಿಲ್ಲಬೇಕಿತ್ತು. ತಮ್ಮ ಮನೆಯೊಳಗೆ ಹೇಗಾದರೂ ಇರಲಿ, ಹೊಸ್ತಿಲು ದಾಟಿದರೆ ನಿಲ್ಲಬೇಕು. ಕಾರಣವೂ ಇತ್ತು. ದೊಡ್ಡವರನ್ನು ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೆಸರು ಹೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಆ ಬರೆದವರು ಬದುಕಿರುವವರೆಗೂ ಕೂರಲೇ ಇಲ್ಲವಂತೆ. ಒಂಟಿ ಕಾಲಲ್ಲಿ ನಿಂತು ಬರೆದರಂತೆ. ಬರೆಯುವಾಗ ನಗಲಿಲ್ಲವಂತೆ, ಉಣ್ಣಲಿಲ್ಲವಂತೆ, ಸೀನಲೂ ಇಲ್ಲವಂತೆ. ಅಂಥವರು ಬರೆದದ್ದನ್ನು ಓದದೆ ಕೂರುವುದು ಹೇಗೆ?

ಹೀಗಿತ್ತು ಆ ಊರು.

ಇದರಲ್ಲಿ ಕಷ್ಟದ ಭಾಗವೆಂದರೆ ಮುಖ. ಓದಿದವರ ಮುಖ ಹೇಗಿರಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಅದು ಸುಮ್ಮನೆ ಬರುತ್ತಿರಲಿಲ್ಲ. ಅದನ್ನು ಕಲಿಸುವುದಕ್ಕೆ ಮೇಷ್ಟ್ರೊಬ್ಬರಿದ್ದರು. ಅವರನ್ನು ಮುಖದ ಮೇಷ್ಟ್ರು ಎನ್ನುತ್ತಿದ್ದರು. ಅವರ ತಂದೆಯೂ ಮುಖದ ಮೇಷ್ಟ್ರೇ, ತಂದೆಯ ತಂದೆಯೂ ಮುಖದ ಮೇಷ್ಟ್ರೇ. ಹೊಸದಾಗಿ ಮದುವೆಯಾದವರು ಬೆಳಿಗ್ಗೆ ಬೆಳಿಗ್ಗೆ ಅವರ ಬಳಿ ಬಂದು ಸಾಲಾಗಿ ನಿಲ್ಲುತ್ತಿದ್ದರು.

ಮೇಷ್ಟ್ರು ಹುಬ್ಬಿನಿಂದ ಶುರು ಮಾಡುತ್ತಿದ್ದರು. ತಲೆಯ ಮೇಲೆ ಯಾರೋ ನೀರಿನ ಕೊಡ ಇಡಲಿದ್ದಾರೆ, ಇನ್ನೂ ಇಟ್ಟಿಲ್ಲ. ಹುಬ್ಬು ಅಷ್ಟು ಮೇಲೇಳಬೇಕು, ಅದಕ್ಕಿಂತ ಹೆಚ್ಚಲ್ಲ. ಆಮೇಲೆ ಕಣ್ಣು. ದೂರದಲ್ಲಿ ಬರುತ್ತಿರುವವರು ನೆಂಟರೋ ಬೇರೆಯವರೋ ಗೊತ್ತಾಗದೆ, ಒಳಗೆ ಹೋಗಿ ಅಡಗಿಕೊಳ್ಳಲೋ ಬೇಡವೋ ಎಂದು ನೋಡುವ ಕಣ್ಣು. ಕೊನೆಗೆ ಬಾಯಿ. ಹಾಗಲಕಾಯಿ ಪಲ್ಯ ತಿಂದು, ಅದನ್ನು ಮಾಡಿದ ಅತ್ತೆಯ ಎದುರು ಇರುವವರ ಬಾಯಿ. ಈ ಮೂರೂ ಒಂದೇ ಸಲಕ್ಕೆ ಕೂಡಿಬಂದರೆ ಅದು ಓದಿದ ಮುಖ. ಒಬ್ಬ ಮದುಮಗ ಅತಿಯಾಗಿ ಅಭ್ಯಾಸ ಮಾಡಿ, ಆ ಮುಖ ಇಳಿಯದೆ ಹೋಗಿ, ಎಣ್ಣೆ ಹಚ್ಚಿ ನೀವಿ ಇಳಿಸಬೇಕಾಗಿ ಬಂದಿತ್ತು.

ಕಲಿಯಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಓದುವುದಕ್ಕೇನು, ಓದಿಬಿಡುತ್ತೇವೆ, ಮುಖದ್ದೇ ಚಿಂತೆ ಎನ್ನುತ್ತಿದ್ದರು. ಮೇಷ್ಟ್ರು ಅದನ್ನು ನಂಬುತ್ತಿದ್ದರು. ಊರಿನಲ್ಲಿ ಎಲ್ಲರೂ ಎಲ್ಲರನ್ನೂ ನಂಬುತ್ತಿದ್ದರು. ಎಣ್ಣೆ ಅಂಗಡಿಯವನು ಹಾಲಿನವನನ್ನು ನೋಡಿ, ಇವನು ಓದಿದ್ದಾನಲ್ಲ, ನನ್ನಿಂದ ಆಗಲಿಲ್ಲವಲ್ಲ ಎಂದುಕೊಳ್ಳುತ್ತಿದ್ದ. ಹಾಲಿನವನು ಎಣ್ಣೆ ಅಂಗಡಿಯವನನ್ನು ನೋಡಿ ಹಾಗೇ ಅಂದುಕೊಳ್ಳುತ್ತಿದ್ದ. ಇಬ್ಬರೂ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತಿರುತ್ತಿದ್ದರು. ದೊಡ್ಡವರ ಮಾತು ಬಂದರೆ ಇಬ್ಬರೂ ಕಣ್ಣು ಅರೆಮುಚ್ಚಿ, "ಅದರ ಮಾತೇ ಬೇರೆ" ಎನ್ನುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಆದರೆ ಮೇಷ್ಟ್ರ ಮನೆಗೇ ದೊಡ್ಡವರು ಬಂದಿರಲಿಲ್ಲ. ಅವರ ಮನೆ ಒಂದು ಸಣ್ಣ ಓಣಿಯ ಕೊನೆಯಲ್ಲಿತ್ತು. ಆ ಓಣಿಯಲ್ಲಿ ಮಂಚ ಹಿಡಿಯುತ್ತಿರಲಿಲ್ಲ. ನೇರವಾಗಿ ತಂದರೆ ಹೊರುವವರ ಹೆಗಲು ಗೋಡೆಗೆ ಉಜ್ಜುತ್ತಿತ್ತು. ಓರೆ ಮಾಡಿದರೆ ದೊಡ್ಡವರು ಜಾರುತ್ತಿದ್ದರು. ಮಂಚದಿಂದ ಇಳಿಸಿ ಕೈಯಲ್ಲೇ ಎತ್ತಿ ತರಬಹುದಲ್ಲ ಎಂದು ಮೇಷ್ಟ್ರ ಹೆಂಡತಿ ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದರು. ಅದನ್ನು ಕೇಳಿ ಊರು ಸಂಜೆಯವರೆಗೆ ಮಾತಾಡಿರಲಿಲ್ಲ.

ಮೇಷ್ಟ್ರು ನಿಂತೇ ಇರುವುದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಪಾಠ ಮಾಡುವವರು ನಿಂತಿರುವುದು ಸಹಜವಲ್ಲವೆ? ಅವರು ಹೇಗೋ ಎಲ್ಲೋ ಓದಿಯೇ ಇರುತ್ತಾರೆ, ದೊಡ್ಡ ಮನಸ್ಸಿನಿಂದ ನಿಂತಿದ್ದಾರೆ ಎಂದೇ ಜನ ತಿಳಿದಿದ್ದರು. ಅವರು ಕ್ಷೌರವನ್ನೂ ನಿಂತೇ ಮಾಡಿಸಿಕೊಳ್ಳುತ್ತಿದ್ದರು. ಕ್ಷೌರಿಕ ಸ್ಟೂಲು ಹತ್ತಿ ಕೆಲಸ ಮುಗಿಸುತ್ತಿದ್ದ.

ಅವರ ಹೆಂಡತಿಗೆ ಇಂಥ ನೆಪ ಯಾವುದೂ ಇರಲಿಲ್ಲ. ಅವರು ಸುಮ್ಮನೆ ನಿಂತಿರುತ್ತಿದ್ದರು. ಮದುವೆ ಮನೆಯಲ್ಲಿ ನಿಂತರು, ನಾಮಕರಣದಲ್ಲಿ ನಿಂತರು, ಸಾವಿನ ಮನೆಯಲ್ಲಿ ಗೋಡೆಗೆ ಆತು ನಿಂತು ಅತ್ತರು. ಪಂಕ್ತಿಯ ಕೊನೆಯಲ್ಲಿ ಎಲೆಯನ್ನು ಅಂಗೈ ಮೇಲೆ ಹರಡಿಕೊಂಡು ನಿಂತೇ ಉಂಡರು. ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ವಯಸ್ಸಾಗುತ್ತ ಬಂದಂತೆ ಅವರ ಮಂಡಿ ನೋಯತೊಡಗಿತು. ಮೊದಲು ಒಂದು ಮಂಡಿ, ಆಮೇಲೆ ಅದನ್ನು ನೋಡಿಕೊಂಡು ಇನ್ನೊಂದು. ಎಣ್ಣೆ ಹಚ್ಚಿದರು, ಬಿಸಿ ಉಪ್ಪಿನ ಗಂಟು ಇಟ್ಟರು, ಎಕ್ಕದ ಎಲೆ ಕಟ್ಟಿದರು. ಅಣ್ಣನ ಮಗಳ ಮದುವೆಯಲ್ಲಿ ಧಾರೆ ಮುಗಿಯುವ ಮೊದಲೇ ಮನೆಗೆ ಬಂದುಬಿಟ್ಟರು. ಬಂದವರು ಅಡುಗೆಮನೆಯಲ್ಲಿ ಕೂತು ಹೇಳಿದ್ದು ಇಷ್ಟೇ.

"ನನ್ನ ಮಂಡಿಗೆ ಓದು ಬರಹ ಬರೋದಿಲ್ಲ ಕಣ್ರೀ. ಅದಕ್ಕೆ ಕೂರೋಕೊಂದು ಜಾಗ ಬೇಕು."

ಓಣಿಯ ಅಗಲ ತನ್ನ ಕೈಯಲ್ಲಿಲ್ಲ ಎಂದು ಮೇಷ್ಟ್ರಿಗೆ ದುಃಖವೂ ಆಯಿತು, ಸಮಾಧಾನವೂ ಆಯಿತು. ಸಮಾಧಾನ ಯಾಕೆಂದರೆ ಅವರಿಗೆ ದೊಡ್ಡವರನ್ನು ಕಂಡರೆ ಭಯ. ಅರ್ಥವಾಗದೆ ಹೋದೀತು ಎಂಬ ಭಯ ಮಾತ್ರ ಅಲ್ಲ. ತಾನು ದೊಡ್ಡವರನ್ನು ತೆರೆದ ಕೂಡಲೇ ದೊಡ್ಡವರು ತನ್ನನ್ನು ಮೇಲಿಂದ ಕೆಳಗೆ ನೋಡಿ, ನೀನಾ, ಎಂದು ಮುಚ್ಚಿಕೊಂಡುಬಿಡುತ್ತಾರೆ ಎಂಬ ಭಯ.

ಹೀಗಿರುವಾಗ ಒಂದು ದಿನ ಒಂದು ಎಮ್ಮೆ ಓಣಿಗೆ ಬಂದು, ಪಕ್ಕದ ಮನೆಯ ಗೋಡೆಗೆ ಬೆನ್ನು ಉಜ್ಜಿಕೊಂಡಿತು. ಎಮ್ಮೆಗೆ ಹಿತವಾಯಿತು. ಅದು ಇನ್ನೂ ಚೆನ್ನಾಗಿ ಉಜ್ಜಿಕೊಂಡಿತು. ಗೋಡೆ ಬಿತ್ತು. ಓಣಿ ಅಗಲವಾಯಿತು.

ಯಜಮಾನರು ಬಂದು ಓಣಿಯ ಅಗಲಕ್ಕೆ ಎರಡೂ ಕೈ ಚಾಚಿ ನೋಡಿ, ಸಂತೋಷದಿಂದ ತಲೆಯಾಡಿಸಿದರು. ಇನ್ನು ತಡವೇಕೆ, ನಾಳಿದ್ದೇ ದೊಡ್ಡವರನ್ನು ಕಳಿಸುತ್ತೇನೆ ಎಂದರು. ಮೇಷ್ಟ್ರು ಮನೆಯಲ್ಲಿ ಸುಣ್ಣ ಹೊಡೆಸಿಲ್ಲ ಎಂದರು, ಇಲಿಗಳಿವೆ ಎಂದರು, ಗೋಡೆ ಮತ್ತೆ ಎದ್ದು ನಿಂತರೂ ನಿಂತೀತು ಎಂದರು. ಯಜಮಾನರು ಅವರ ಭುಜ ತಟ್ಟಿ ನಕ್ಕರು. ಊರಿಗೆಲ್ಲ ಮುಖ ಕೊಟ್ಟವರು ನೀವು, ಹೊಸ್ತಿಲಲ್ಲಿ ಬಂದು ನಿಂತರೆ ಸಾಕು ಎಂದರು. ಮೇಷ್ಟ್ರ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಅಂದು ಅವರು ಹೆಸರುಬೇಳೆ ಪಾಯಸ ಮಾಡಿದರು, ಎಮ್ಮೆಗೂ ಒಂದು ಬಟ್ಟಲು ಇಟ್ಟರು.

ದೊಡ್ಡವರು ಬಂದರು. ನಾಲ್ವರು ಏದುಸಿರು ಬಿಡುತ್ತ ಮಂಚವನ್ನು ನಡುಮನೆಯಲ್ಲಿ ಇಳಿಸಿದರು. ಬಾಗಿಲು ಮುಚ್ಚಿತು. ಹೊರಗೆ ಊರು ಕಾಯತೊಡಗಿತು.

ಮಂಚದ ತುಂಬ ದೊಡ್ಡವರೇ ಇದ್ದರು. ರೇಷ್ಮೆ, ಹತ್ತಿ, ಶಾಲು, ಸೀರೆ ಹೊದ್ದು ಹೊದ್ದು ಊಟವಾದ ಮೇಲೆ ಮಲಗಿದ ಬೀಗರ ಹಾಗೆ ಉಬ್ಬಿಕೊಂಡಿದ್ದರು. ಮೇಷ್ಟ್ರು ದೂರದಿಂದಲೇ ನಮಸ್ಕಾರ ಮಾಡಿದರು. ಸ್ನಾನ ಮಾಡಿ ಬಂದರು. ಬಂದ ಮೇಲೆ ಸರಿಯಾಗಿ ಆಗಲಿಲ್ಲ ಎನಿಸಿ ಮತ್ತೆ ಹೋಗಿ ಸ್ನಾನ ಮಾಡಿದರು. ಕನ್ನಡಕ ಒರೆಸಿದರು. ಕನ್ನಡಕ ಒರೆಸಿದ ಬಟ್ಟೆಯನ್ನು ಒಗೆದರು. ಒಗೆದದ್ದು ಒಣಗಲಿ ಎಂದು ಕಾದರು. ಮಂಚದ ಹತ್ತಿರ ಹೋಗಿ, ಉಸಿರು ಕೇಳಿಸಿದ ಹಾಗಾಗಿ ಹಿಂದೆ ಬಂದರು. ಉಸಿರು ಅವರದೇ ಆಗಿತ್ತು.

ಹೆಂಡತಿ ಕಾಲು ಚಾಚಿ ಗೋಡೆಗೆ ಒರಗಿ ಕೂತು ಇದೆಲ್ಲವನ್ನೂ ನೋಡುತ್ತಿದ್ದರು. ಇನ್ನೂ ಯಾಕೆ ತೆರೆಯಲಿಲ್ಲ ಎಂದು ಕೇಳಿದರು. ಇಂಥವರನ್ನು ನೇರವಾಗಿ ಓದುವ ಹಾಗಿಲ್ಲ, ಮೊದಲು ಬೇರೆ ಕೆಲವನ್ನು ಓದಿಕೊಂಡಿರಬೇಕು ಎಂದರು ಮೇಷ್ಟ್ರು. ಯಾವುವು ಎಂದು ಕೇಳಿದರು ಹೆಂಡತಿ. ಊರಿನಲ್ಲಿ ಬೇರೆ ಪುಸ್ತಕವೇ ಇಲ್ಲ ಎಂಬುದು ಮೇಷ್ಟ್ರಿಗೆ ಆಗ ನೆನಪಾಯಿತು. ಹಾಗಾದರೆ ಮೊದಲು ಯಾರಾದರೂ ಅವನ್ನು ಬರೆಯಬೇಕು, ಎಂದರು.

ಬಿಸಿಲು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಬಂತು. ಹೆಂಡತಿ ಮಂಡಿ ಹಿಡಿದುಕೊಂಡು ಎದ್ದರು. ನೇರ ಹೋಗಿ ಮೇಲಿನ ಬಟ್ಟೆಯ ಗಂಟಿಗೆ ಕೈ ಹಾಕಿದರು. ಮೇಷ್ಟ್ರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಏನೂ ಆಗಲಿಲ್ಲ. ಅದು ಹಿಂದಿನ ತಿಂಗಳು ಓದಿದ್ದ ಎಣ್ಣೆ ಅಂಗಡಿಯವನ ತಮ್ಮ ಹೊದಿಸಿದ್ದ ಕೆಂಪು ಶಾಲು. ಅದರ ಕೆಳಗೆ ಅವನಿಗಿಂತ ಮೊದಲು ಓದಿದ್ದ ಮಡಕೆ ಮಾಡುವವಳ ಹಸಿರು ಸೀರೆ. ಅದರ ಗಂಟನ್ನು ಹಿಡಿದ ಹೆಂಡತಿ ಹಾಗೇ ನಿಂತುಬಿಟ್ಟರು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಈ ಗಂಟು ನೋಡಿ."

ಮೇಷ್ಟ್ರು ಬೆರಳ ಸಂದಿಯಿಂದ ನೋಡಿದರು. ಗಂಟಿನ ಮೇಲೆ ಅರಿಸಿನ ಕುಂಕುಮ ಇಟ್ಟದ್ದು ಇಟ್ಟ ಹಾಗೇ ಇತ್ತು.

"ಎಣ್ಣೆ ಅಂಗಡಿಯವರ ತಮ್ಮ ಓದಿದ್ದಿದ್ದರೆ ಇದನ್ನ ಬಿಚ್ಚಬೇಕಿತ್ತಲ್ಲ?" ಎಂದರು ಹೆಂಡತಿ.

ಮೇಷ್ಟ್ರು ಕಣ್ಣಿನಿಂದ ಕೈ ತೆಗೆದರು. ಹಸಿರು ಸೀರೆಯನ್ನು ಅವರೇ ಬಿಚ್ಚಿದರು. ಅದರ ಕೆಳಗೆ ಹಾಲಿನವನ ಪಂಚೆ, ಗಂಟಿನ ಮೇಲೆ ಕುಂಕುಮ ಹಾಗೇ. ಅದರ ಕೆಳಗೆ ಕ್ಷೌರಿಕನ ದುಪಟಿ, ಕುಂಕುಮ ಹಾಗೇ. ಅವರು ಬಿಚ್ಚುತ್ತ ಹೋದರು, ಹೆಂಡತಿ ಮಡಿಸುತ್ತ ಹೋದರು. ಬಿಚ್ಚಿದಷ್ಟೂ ಬಟ್ಟೆ, ಮಡಿಸಿದಷ್ಟೂ ರಾಶಿ. ನಡುಮನೆ ತುಂಬಿತು, ರಾಶಿ ಅಡುಗೆಮನೆಗೆ ನುಗ್ಗಿತು. ಸತ್ತುಹೋದವರ ಬಟ್ಟೆಗಳು ಬಂದವು. ಯಾರ ನೆನಪಿಗೂ ಸಿಕ್ಕದ ಬಣ್ಣಗಳು ಬಂದವು. ನಡುವೆ ಯಜಮಾನರ ಜರಿಯಂಚಿನ ಶಲ್ಯವೂ ಬಂತು; ಅದರ ಕೆಳಗಿನ ಗಂಟೂ ಹಾಗೇ ಇತ್ತು. ಮೇಷ್ಟ್ರು ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತರು. "ಎಲ್ಲರೂನಾ?" ಎಂದು ಯಾರನ್ನೋ ಕೇಳಿದರು.

ಕೊನೆಗೆ ಮಂಚದ ಮೇಲೆ ಉಳಿದದ್ದು ಅಡುಗೆಮನೆಯಲ್ಲಿ ಕೈ ಒರೆಸುವಂಥ ಒಂದು ಹಳೆಯ ಚೌಕ. ಅದರೊಳಗೆ ದೊಡ್ಡವರಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡವರು.

ಇಬ್ಬರೂ ಬಹಳ ಹೊತ್ತು ನೋಡಿದರು. ನಾಲ್ವರು ಹೊತ್ತು ತಂದದ್ದು ಬಟ್ಟೆಯನ್ನು. ಮೇಷ್ಟ್ರು ಕೈಗೆತ್ತಿಕೊಂಡರು. ಭಾರವೇ ಇರಲಿಲ್ಲ. ಮೊದಲ ಪುಟ ತೆರೆದು, ದೊಡ್ಡವರು ತನ್ನನ್ನು ನೋಡಲಿ ಎಂದು ಕಾದರು. ದೊಡ್ಡವರು ನೋಡಲಿಲ್ಲ, ಅವರು ತಮ್ಮ ಪಾಡಿಗೆ ಏನೋ ಹೇಳಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ಬೆರಳಿಟ್ಟು ಓದಿದರು. ನಾಲ್ಕಾರು ಸಾಲು ಆದ ಮೇಲೆ ಅವರ ಹೊಟ್ಟೆಯಿಂದ ಒಂದು ಸದ್ದು ಬಂತು. ಹೆಂಡತಿ ಗಾಬರಿಯಾಗಿ ನೀರು ತಂದರು. ಮೇಷ್ಟ್ರು ನಗುತ್ತಿದ್ದರು. ಆ ಮನೆತನದಲ್ಲಿ ನಗು ರೂಢಿ ಇರಲಿಲ್ಲವಾದ್ದರಿಂದ ಅದು ಬಿಕ್ಕಳಿಕೆಯ ಹಾಗೆ ಬರುತ್ತಿತ್ತು. ನಗುತ್ತಲೇ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಚುಟುಕಾಗಿ ಹೇಳುವುದು ನನಗೆ ಬರುವುದಿಲ್ಲ, ಮನೆಯಲ್ಲೂ ಇದೇ ದೂರು, ಎಂದು ಅಲ್ಲಿ ಬರೆದಿತ್ತು.

"ಇವರಿಗೂ ಮನೆ ಇತ್ತಾ?" ಎಂದರು ಹೆಂಡತಿ.

ಅಷ್ಟರಲ್ಲಿ ಹೊರಗೆ ದೀಪ ಹಚ್ಚುವ ಹೊತ್ತಾಯಿತು. ಜನರ ಗುಜುಗುಜು ಕೇಳಿಸಿತು. ಇಬ್ಬರಿಗೂ ಒಮ್ಮೆಗೇ ಎಚ್ಚರವಾಯಿತು. ದೊಡ್ಡವರಿಗೆ ಮತ್ತೆ ಬಟ್ಟೆ ಸುತ್ತಬೇಕು. ಯಾವುದರ ಮೇಲೆ ಯಾವುದು ಎಂಬುದು ಮರೆತೇಹೋಗಿತ್ತು. ಸುತ್ತಿದರೆ ಒಂದು ಕಡೆ ಉಬ್ಬುತ್ತಿತ್ತು, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಹೊಟ್ಟೆ ಒಡೆದ ಹಾಸಿಗೆಗೆ ಹತ್ತಿ ತುಂಬಿದ ಹಾಗೆ. ಹೆಂಡತಿ ಅದನ್ನು ಅಲ್ಲೇ ಬಿಟ್ಟರು. ಬಟ್ಟೆಯ ಮಾತು ಆಮೇಲೆ ನೋಡಿದರಾಯಿತು, ಮೊದಲು ಮುಖ ಹಾಕಿಕೊಳ್ಳಿ ಎಂದರು. ನಾಳೆಯಿಂದ ತಾನು ಕಟ್ಟೆಯ ಮೇಲೆ ಕೂರುವವಳು, ಕೂತು ಎಲ್ಲರ ಹಾಗೆ ಅದರ ಮಾತೇ ಬೇರೆ ಎನ್ನುವವಳು, ತನಗೆ ಅಷ್ಟು ಸಾಕು ಎಂದರು.

ಮೇಷ್ಟ್ರು ಮುಖ ಹಾಕಿಕೊಳ್ಳಲು ಹೋದರು. ನೀರಿನ ಕೊಡವನ್ನು ನೆನೆದು ಹುಬ್ಬು ಎತ್ತಿದರು. ಹುಬ್ಬು ಬಂತು. ನೆಂಟರನ್ನು ನೆನೆದರು. ಕಣ್ಣೂ ಬಂತು. ಹಾಗಲಕಾಯಿಯನ್ನು ನೆನೆದರು, ಬಾಯಿ ಬಿಗಿಯಾಯಿತು. ಬಿಗಿಯಾದ ಕೂಡಲೇ, ಮನೆಯಲ್ಲೂ ಇದೇ ದೂರು, ಎಂಬುದು ಎಲ್ಲಿಂದಲೋ ಬಂತು. ಬಾಯಿ ಸಡಿಲಿತು, ಅದನ್ನು ಹಿಡಿಯಲು ಹೋದರೆ ಹುಬ್ಬು ಇಳಿಯಿತು. ಮತ್ತೆ ಎತ್ತಿದರು. ಮತ್ತೆ ಇಳಿಯಿತು. ಊರಿಗೆಲ್ಲ ಮುಖ ಕೊಟ್ಟವರಿಗೆ, ನಿಜವಾಗಿ ಓದಿದ ದಿನ, ಓದಿದ ಮುಖ ಬರಲಿಲ್ಲ.

ಹೆಂಡತಿಯ ಮುಖ ನೋಡಿ ಅವರ ನಗು ನಿಂತಿತು. ಆ ಮುಖದಲ್ಲಿ ಒಂದು ಜೀವಮಾನದಷ್ಟು ನಿಲ್ಲುವುದು ಇತ್ತು. ಈಗ ಮುಖ ಬಂದರೆ ಅವಳು ಕೂರುತ್ತಾಳೆ. ಬಾರದಿದ್ದರೆ ಇನ್ನೆಂದೂ ಇಲ್ಲ. ಯಾಕೆಂದರೆ ದೊಡ್ಡವರು ಒಂದು ಮನೆಗೆ ಎರಡನೆಯ ಸಲ ಬರುವುದಿಲ್ಲ. ಮೇಷ್ಟ್ರು ಮತ್ತೆ ಹಾಗಲಕಾಯಿಯನ್ನು ನೆನೆಯತೊಡಗಿದರು. ಹೊರಗಿನಿಂದ ಯಾರೋ ಬಾಗಿಲು ಬಡಿದರು.

ಮೇಷ್ಟ್ರು ಹೊಸ್ತಿಲಿಗೆ ಬಂದು ನಿಂತರು. ಕೈಯಲ್ಲಿ ದೊಡ್ಡವರಿದ್ದರು, ಆದರೆ ಅವರನ್ನು ಯಾರೂ ಗುರುತು ಹಿಡಿಯಲಿಲ್ಲ. ಊರು ಮೇಷ್ಟ್ರ ಮುಖ ನೋಡಿತು. ಒಂದು ಹುಬ್ಬು ಮೇಲಿತ್ತು, ಒಂದು ಕೆಳಗಿತ್ತು. ಕಣ್ಣಲ್ಲಿ ನೀರಿತ್ತು. ಬಾಯಿ ಬೀಗರ ಮನೆಯಲ್ಲಿ ಎರಡನೆಯ ಹೋಳಿಗೆ ಬೇಡ ಎಂದವರ ಹಾಗೆ ಇತ್ತು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಯಜಮಾನರು ಹತ್ತಿರ ಬಂದು, ಎಡಕ್ಕೆ ನಿಂತು ನೋಡಿ, ಬಲಕ್ಕೆ ನಿಂತು ನೋಡಿ, ಬಹಳ ನೋವಿನಿಂದ, ಇದು ಓದಿದ ಮುಖವಲ್ಲ ಎಂದರು.

ಮೇಷ್ಟ್ರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಓದಿದ್ದೇನೆ," ಎಂದರು ಮೇಷ್ಟ್ರು. "ಸ್ವಲ್ಪ."

ಆ ಮಾತು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲಿ ಓದಿದವರಿದ್ದರು, ಓದದವರಿದ್ದರು. ಸ್ವಲ್ಪ ಓದಿದವರು ಇರಲಿಲ್ಲ. ಅಂಥವರಿಗೆ ನಿಯಮವೂ ಇರಲಿಲ್ಲ. ಹಿರಿಯರು ಅಲ್ಲೇ ಗುಂಪುಗೂಡಿದರು. ಸ್ವಲ್ಪ ಓದಿದವರು ಸ್ವಲ್ಪ ಕೂರಬಹುದೇ ಎಂಬ ಪ್ರಶ್ನೆ ಬಂತು. ಕುಕ್ಕರಗಾಲಲ್ಲಿ ಇರಲಿ ಎಂದರು ಒಬ್ಬರು. ಗೋಡೆಗೆ ಒರಗಬಹುದು, ಆದರೆ ಜಾರಬಾರದು ಎಂದರು ಇನ್ನೊಬ್ಬರು. ಗಂಡ ಓದಿದ್ದು ಅರ್ಧವಾದ್ದರಿಂದ ಇಬ್ಬರಲ್ಲಿ ಒಬ್ಬರು ಕೂರಲಿ, ಅದೂ ದಿನ ಬಿಟ್ಟು ದಿನ ಎಂದು ಎಣ್ಣೆ ಅಂಗಡಿಯವನು ನ್ಯಾಯ ಹೇಳಿದ. ಹಾಗಾದರೆ ಮಂಡಿಗಳಲ್ಲಿ ಯಾವುದು ಮೊದಲು ಮಡಚಬೇಕು, ಎಡದ್ದೋ ಬಲದ್ದೋ ಎಂದು ಮೇಷ್ಟ್ರ ಹೆಂಡತಿ ಕೇಳಿದರು. ಹಿರಿಯರು ಅದನ್ನೂ ಚರ್ಚೆಗೆ ಎತ್ತಿಕೊಂಡರು.

ಯಜಮಾನರ ತಾಯಿ ಕಿವಿ ಮಂದವಾದ ಮುದುಕಿ. ಎದುರು ಮನೆಯ ಜಗಲಿಯ ಮೇಲೆ ಕೂತಿದ್ದ ಆಕೆಗೆ ಈ ಚರ್ಚೆ ಒಂದೂ ಕೇಳಿಸಿರಲಿಲ್ಲ. ಮೇಷ್ಟ್ರ ಕೈಯಲ್ಲಿ ಏನೋ ಇರುವುದು ಮಾತ್ರ ಕಾಣಿಸಿತ್ತು.

"ಏನಂತೆ ಮೇಷ್ಟ್ರೇ ಅದ್ರಲ್ಲಿ?" ಎಂದಳು.

ಇಷ್ಟು ತಲೆಮಾರುಗಳಲ್ಲಿ ಯಾರೂ ಯಾರನ್ನೂ ಇದೊಂದನ್ನು ಕೇಳಿರಲಿಲ್ಲ. ಯಜಮಾನರು ತಾಯಿಯ ಕಡೆ ತಿರುಗಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಮುದುಕಿ ಅದನ್ನು ಸೊಳ್ಳೆ ಓಡಿಸುತ್ತಿದ್ದಾರೆ ಎಂದು ತಿಳಿದು ಮತ್ತೆ ಕೇಳಿದಳು.

ಮೇಷ್ಟ್ರು ಕೈಯಲ್ಲಿದ್ದುದನ್ನು ತೆರೆದರು. ಇದೇ ದೊಡ್ಡವರು ಎಂದು ಜನಕ್ಕೆ ಆಗ ತಿಳಿಯಿತು. ಮುಂದಿನ ಸಾಲಿನವರು ಹಿಂದೆ ಸರಿದರು, ಹಿಂದಿನವರು ಏನಾಯಿತೆಂದು ನೋಡಲು ಮುಂದೆ ಬಂದರು. ಇಷ್ಟೇನಾ ಎಂದಿತು ಒಂದು ದನಿ. ನನ್ನ ಹೆಗಲು ಎಂದ ಮಂಚ ಹೊರುವವರಲ್ಲಿ ಒಬ್ಬ. ಮೇಷ್ಟ್ರು ಮೊದಲ ಸಾಲಿಗೆ ಬೆರಳಿಟ್ಟು, ಮುದುಕಿಗೆ ಕೇಳಿಸಲಿ ಎಂದು ಗಟ್ಟಿಯಾಗಿ ಓದಿದರು.

"ಮೊದಲು ಎಲ್ಲರೂ ಕುಳಿತುಕೊಳ್ಳಿ. ಇದು ಸ್ವಲ್ಪ ಉದ್ದದ ಕಥೆ."

ಒಳಗೆ ನೆಲದ ಮೇಲೆ ಕೂತೇ ಓದಿದ್ದ ಮೇಷ್ಟ್ರಿಗೆ ಆ ಸಾಲು ಆಗ ವಿಶೇಷ ಅನ್ನಿಸಿರಲಿಲ್ಲ. ಯಜಮಾನರು ಮೇಷ್ಟ್ರ ಹತ್ತಿರ ಬಂದು ಸಾಲನ್ನು ತಾವೇ ನೋಡಿದರು. ಹಾಗೇ ಬರೆದಿತ್ತು. ಎಲ್ಲರೂ ಎಂದರೆ ಓದಿದವರೆಲ್ಲರೂ ಇರಬಹುದು ಎಂದು ಅವರು ಸಣ್ಣ ದನಿಯಲ್ಲಿ ಹೇಳಿ ನೋಡಿದರು. ಮೊದಲ ಸಾಲಿನಲ್ಲಿ ಇನ್ನೂ ಯಾರೂ ಓದಿರುವುದಿಲ್ಲವಲ್ಲ ಎಂದರು ಮೇಷ್ಟ್ರ ಹೆಂಡತಿ.

ಮೇಷ್ಟ್ರ ಹೆಂಡತಿ ಒಳಗೆ ಹೋದರು. ಬಟ್ಟೆಯ ರಾಶಿಯಿಂದ ಎರಡು ತೋಳು ತುಂಬ ಅಪ್ಪಿಕೊಂಡು ತಂದು ಹೊಸ್ತಿಲ ಹೊರಗೆ ಇಳಿಸಿದರು. ಮತ್ತೆ ಹೋದರು, ಮತ್ತೆ ತಂದರು. ಜನ ತಮ್ಮ ತಮ್ಮ ಬಟ್ಟೆಯನ್ನು ಗುರುತಿಸಿದರು. ಇದರಲ್ಲಿ ಒಂದರ ಗಂಟನ್ನೂ ಇವತ್ತಿನವರೆಗೆ ಯಾರೂ ಬಿಚ್ಚಿರಲಿಲ್ಲ, ಕುಂಕುಮ ಇಟ್ಟದ್ದು ಇಟ್ಟ ಹಾಗೇ ಇತ್ತು ಎಂದರು ಮೇಷ್ಟ್ರ ಹೆಂಡತಿ. ಎಣ್ಣೆ ಅಂಗಡಿಯವನು ಹಾಲಿನವನನ್ನು ನೋಡಿದ, ಹಾಲಿನವನು ಎಣ್ಣೆ ಅಂಗಡಿಯವನನ್ನು ನೋಡಿದ. ನೀನೂನಾ ಎಂದ ಇವನು. ನೀನೂನಾ ಎಂದ ಅವನು. ಇಬ್ಬರ ಮುಖವೂ ಸಡಿಲಿತು. ಇಷ್ಟು ವರ್ಷ ಬಿಗಿಹಿಡಿದದ್ದಕ್ಕೆ ದವಡೆ ನೋಯುತ್ತಿದೆ ಎಂದು ಇಬ್ಬರೂ ಆಗ ಕಂಡುಕೊಂಡರು. ಯಜಮಾನರು ತಮ್ಮ ಜರಿಯಂಚಿನ ಶಲ್ಯವನ್ನು ಕಂಡು ಆಕಾಶದ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಮೇಷ್ಟ್ರ ಹೆಂಡತಿ ಮೊದಲು ಕೂತರು. ಕೆಂಪು ಶಾಲನ್ನು ನಾಲ್ಕು ಮಡಿಕೆ ಮಾಡಿ, ಓಣಿಯ ನಡುವೆ, ಊರೆಲ್ಲ ನೋಡುತ್ತಿರುವಾಗ, ಮೆಲ್ಲಗೆ ಒಂದು ಕೈ ನೆಲಕ್ಕೆ ಊರಿ ಕೂತರು. ಕಾಲು ಚಾಚಿದರು. ಎರಡೂ ಮಂಡಿ ಲಟಕ್ಕೆಂದವು. ಆ ಸದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ಒಬ್ಬೊಬ್ಬರೇ ತಮ್ಮ ಬಟ್ಟೆ ಎಳೆದುಕೊಂಡು ಹಾಸಿ ಕೂತರು. ಬಿದ್ದ ಗೋಡೆಯ ಮೇಲೆ ಕೂತರು, ಓಣಿಯ ಉದ್ದಕ್ಕೂ ಕೂತರು. ಮಂಚ ಹೊರುವ ನಾಲ್ವರೂ ಒಳಗಿನಿಂದ ಮಂಚ ತಂದು ಅದರ ಮೇಲೇ ಕೂತರು. ಯಜಮಾನರು ಕೊನೆಗೆ ಉಳಿದರು. ಅವರ ತಾಯಿ ಪಕ್ಕಕ್ಕೆ ಸರಿದು ಜಗಲಿಯನ್ನು ತಟ್ಟಿದಳು. ಅವರೂ ಹೋಗಿ ಕೂತರು. ಎಲ್ಲರೂ ಕೂತ ಮೇಲೆ ಮೇಷ್ಟ್ರು ಒಬ್ಬರೇ ನಿಂತಿದ್ದರು. ಹೆಂಡತಿ ಅವರ ಪಂಚೆಯ ತುದಿ ಹಿಡಿದು ಎಳೆದು ಕೂರಿಸಿದರು. ಯಾರೋ ಲಾಂದ್ರ ತಂದಿಟ್ಟರು.

ಮೊದಲ ಪುಟ ಚೆನ್ನಾಗಿಯೇ ಹೋಯಿತು. ಮನೆಯ ದೂರಿನ ಮಾತು ಬಂದಾಗ ಹೆಂಗಸರು ಜೋರಾಗಿ ನಕ್ಕರು, ಗಂಡಸರು ಸ್ವಲ್ಪ ತಡವಾಗಿ ನಕ್ಕರು. ನಡುವೆ ಹಸಿವಾದವರು ಎದ್ದು ಹೋಗಿ ಉಂಡು ಬನ್ನಿ, ನಾನು ಇಲ್ಲೇ ಇರುತ್ತೇನೆ ಎಂದು ಬರೆದಿತ್ತು. ಹಾಲಿನವನು ಕೂಡಲೇ ಎದ್ದು ಹೋಗಿ ಉಂಡು ಬಂದ. ಬರೆದವರು ನಿಜವಾಗಿ ಇಲ್ಲೇ ಇದ್ದಾರೆಯೇ ಎಂದು ಬಂದವನೇ ವಿಚಾರಿಸಿದ. ಇದ್ದಾರೆ ಎಂದರು.

ಎರಡನೆಯ ಪುಟದಿಂದ ಕಷ್ಟ ಶುರುವಾಯಿತು. ಒಂದು ವಾಕ್ಯ ಹೊರಟದ್ದು ನಿಲ್ಲಲೇ ಇಲ್ಲ. ಅದು ಬೆಟ್ಟ ಹತ್ತಿತು, ಇಳಿಯಿತು, ನಡುವೆ ಬೇರೆ ಯಾರದೋ ಮನೆಗೆ ಹೋಗಿ ಬಂತು. ಮೇಷ್ಟ್ರು ಅದನ್ನು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಕೊಡೆ ಹಿಡಿಯುವವನು ನಿದ್ದೆ ಹೋದ. ಅಭ್ಯಾಸಬಲದಿಂದ ಕೆಲವರ ಹುಬ್ಬು ಏಳತೊಡಗಿತು. ಅಲ್ಲೇ ತನಗೂ ಆಗ ತೊಡಕಾಗಿತ್ತು ಎಂದು ಯಜಮಾನರು ಮೆಲ್ಲಗೆ ಹೇಳಿದರು. ಅವರ ಶಲ್ಯದ ಮೇಲೆ ಕೂತಿದ್ದವರು ಸ್ವಲ್ಪ ಅಲುಗಾಡಿದರು.

ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಿದರು. ಅವರ ಮುಖದಲ್ಲಿ ಹಳೆಯ ಭಯ ಸ್ವಲ್ಪ ಬಂದಿತ್ತು.

"ಇದು ನನಗೆ ಗೊತ್ತಾಗ್ತಾ ಇಲ್ಲ," ಎಂದರು.

ಹೆಂಡತಿ ಚಾಚಿದ್ದ ಕಾಲನ್ನು ಒಂದರ ಮೇಲೊಂದು ಹಾಕಿಕೊಂಡರು.

"ಗೊತ್ತಾಗದ್ದು ಅಲ್ಲೇ ಇರಲಿ, ಮುಂದಿಂದು ಓದಿ. ನಾನಂತೂ ಏಳೋದಿಲ್ಲ."